ಮಗಳ ಭುಜ, ಅಪ್ಪನ ಆತುರ

ಕಳೆದ ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಕ್ಯಾನ್ ಖಾಲಿಯಾಯಿತು. (ಇದೂ ಒಂದು ವಿಷಯವೇ ಎಂದು ಪುಟ ತಿರುಗಿಸಬೇಡಿ. ಸ್ವಲ್ಪ ತಾಳಿ.)

ತುಂಬಿದ ಕ್ಯಾನ್ ಬಾಗಿಲ ಬಳಿ ಇತ್ತು. ಇಪ್ಪತ್ತು ಲೀಟರ್. ನನ್ನ ಮಗಳು ಚೈತ್ರ, ಹದಿನೆಂಟು ವರ್ಷದವಳು, ಬಂದಳು. ಮಂಡಿ ಬಗ್ಗಿಸಿದಳು, ಕ್ಯಾನನ್ನು ಎದೆಯ ಮಟ್ಟಕ್ಕೆ ಎತ್ತಿದಳು, ಒಂದು ಹನಿ ಚೆಲ್ಲದಂತೆ ತಲೆಕೆಳಗು ಮಾಡಿ ಸ್ಟ್ಯಾಂಡಿನ ಮೇಲೆ ಕೂರಿಸಿದಳು. ಏನೂ ಆಗಿಲ್ಲವೆಂಬಂತೆ ದೋಸೆ ತಿನ್ನಲು ಹೋದಳು.

ಸಂಪ್ ಕ್ಲೀನಿಂಗ್ ವಿಷಯ ಮಾತಾಡಲು ಬಂದಿದ್ದ ನಮ್ಮ ಮನೆ ಓನರ್ ಗೌಡರು ಬಾಗಿಲಲ್ಲೇ ನಿಂತು ಇದನ್ನು ನೋಡಿದರು. ಆರ್‌ಪಿಸಿ ಲೇಔಟ್ ಲೇಔಟ್ ಆಗುವ ಮೊದಲಿನಿಂದ ಈ ಭಾಗದಲ್ಲಿರುವ ಮನೆತನ ಅವರದು. ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ.

"ಏನ್ ಸಾರ್, ನೀವು ಪೇಪರ್ ಓದ್ಕೊಂಡು ಹೆಣ್ಣುಮಗು ಕೈಲಿ ಕ್ಯಾನ್ ಎತ್ತಿಸ್ತಾ ಇದೀರಲ್ಲ?"

"ನನ್ನ ಕೈಲಿ ಆಗಲ್ಲ ಗೌಡ್ರೇ. ಅವಳ ಕೈಲಿ ಆಗುತ್ತೆ."

ಈ ಮಾತು ಹೇಳುವಾಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದೆ ಎರಡಿಂಚು ಮುಂದೆ ಬಂತು. ಯಾಕೆ ಅಂತ ಹೇಳುತ್ತೇನೆ. ಆದರೆ ಆ ಹೆಮ್ಮೆಗೆ ಮೊದಲು ನಾನು ಮಾಡಿದ ಒಂದು ದಡ್ಡತನವನ್ನೂ ಹೇಳಬೇಕು. ಇಲ್ಲದಿದ್ದರೆ ಕಥೆ ನಿಜವಾಗುವುದಿಲ್ಲ.

ಚೈತ್ರ ವೇಗದ ಬೌಲರ್. ಜ್ಞಾನಭಾರತಿ ಕಡೆಯ ಒಂದು ಮೈದಾನದಲ್ಲಿ ಹನ್ನೊಂದನೇ ವಯಸ್ಸಿನಿಂದ ಆಡುತ್ತಿದ್ದಾಳೆ. ಅವಳ ಕೈಗೆ ಮೊದಲ ಬಾಲ್ ಕೊಟ್ಟವನು ನಾನೇ. ನಾನೂ ಕಾಲೇಜು ಟೀಮಿನಲ್ಲಿ ಬೌಲರ್ ಆಗಿದ್ದೆ. ಎರಡು ಸೀಸನ್. ನಂತರ ಕೆಲಸ ಸಿಕ್ಕಿತು, ಕ್ರಿಕೆಟ್ ಬಿಟ್ಟೆ ಎಂದು ಮನೆಯಲ್ಲಿ ಹೇಳುತ್ತಾ ಬಂದಿದ್ದೇನೆ.

ಬೌಲಿಂಗ್ ಬಗ್ಗೆ ನನ್ನದೊಂದು ಸಿದ್ಧಾಂತವಿತ್ತು. ಓಡು, ಬಾಲ್ ಹಾಕು. ಮತ್ತೆ ಓಡು, ಮತ್ತೆ ಹಾಕು. ಅಷ್ಟೇ. ಬೌಲರ್ ಜಿಮ್‌ಗೆ ಹೋದರೆ ಮೈ ಬಿಗಿಯಾಗುತ್ತದೆ, ಸ್ಪೀಡ್ ಹೋಗುತ್ತದೆ. ಇದನ್ನು ನನಗೆ ಹೇಳಿದ್ದು ನಮ್ಮ ಕಾಲೇಜಿನ ಸೀನಿಯರ್. ಅವನಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ನಮ್ಮಲ್ಲಿ ಎಷ್ಟೋ ಜ್ಞಾನ ಹೀಗೇ ಸೀನಿಯರ್‌ನಿಂದ ಸೀನಿಯರ್‌ಗೆ ಬಂದಿರುತ್ತದೆ, ಅಲ್ಲವೇ?

ಕಳೆದ ವರ್ಷ, ಅವಳು ಸೆಕೆಂಡ್ ಪಿಯುಸಿಯಲ್ಲಿದ್ದಾಗ, ಏನೋ ಸರಿಯಿಲ್ಲ ಅನ್ನುವುದು ಮೊದಲು ಗೊತ್ತಾಗಿದ್ದು ನನ್ನ ಹೆಂಡತಿ ಸುಮಾಗೆ. ಸುಮಾಗೆ ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂ ಅಂದರೆ ಏನು ಅಂತ ಈಗಲೂ ಗೊತ್ತಿಲ್ಲ.

"ರೀ, ಇವಳು ಒಂದು ವಾರದಿಂದ ಜಡೆ ಹಾಕಿಕೊಡು ಅಂತ ನನ್ನ ಹತ್ರ ಬರ್ತಾ ಇದಾಳೆ. ಆರನೇ ಕ್ಲಾಸಿಂದ ತಾನೇ ಹಾಕ್ಕೋತಿದ್ದವಳು."

"ಎಕ್ಸಾಮ್ ಟೆನ್ಶನ್ ಇರ್ಬೇಕು ಬಿಡು" ಅಂದೆ.

ದಿನಾ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವವನು ನಾನು. ಅವಳು ಬೌಂಡರಿಯಿಂದ ಬಾಲನ್ನು ಭುಜದ ಮೇಲಿನಿಂದ ಕೈ ಬೀಸಿ ಎಸೆಯದೆ, ಕೆಳಗಿನಿಂದ ಉರುಳಿಸಿ ಕಳಿಸುತ್ತಿದ್ದಳು. ನಾನು ನೋಡಿದೆ. ನೋಡಿಯೂ ನೋಡಲಿಲ್ಲ. ಎರಡನೇ ಸ್ಪೆಲ್‌ನಲ್ಲಿ, ಅಂದರೆ ಸ್ವಲ್ಪ ಬಿಡುವಿನ ನಂತರ ಮತ್ತೆ ಬೌಲಿಂಗ್‌ಗೆ ಬಂದಾಗ, ಬಾಲ್ ನಿಧಾನವಾಗುತ್ತಿತ್ತು. "ಇನ್ನೂ ಜೋರಾಗಿ ಓಡು ಕಣೇ!" ಅಂತ ಕೂಗಿದೆ.

ಓಡಿದಳು. ಒಂದು ಶನಿವಾರ ಪ್ರಾಕ್ಟೀಸ್ ಮ್ಯಾಚಿನಲ್ಲಿ ಬಾಲ್ ಕೈಬಿಟ್ಟ ಮರುಕ್ಷಣ ಬಲ ಭುಜ ಹಿಡಿದುಕೊಂಡು ಪಿಚ್ ಮೇಲೇ ಕುಳಿತಳು.

ರಾಜಾಜಿನಗರದ ಒಬ್ಬ ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಸ್ಕ್ಯಾನ್ ಆಯಿತು. ಏನೂ ಹರಿದಿಲ್ಲ, ಪುಣ್ಯ. ಆದರೆ ಭುಜದ ಸ್ನಾಯು ಮೂಳೆಗೆ ಅಂಟಿಕೊಳ್ಳುವ ಜಾಗ ಊದಿಕೊಂಡಿದೆ. ಭುಜದ ಹಿಂಭಾಗದ ಸ್ನಾಯುಗಳು ದುರ್ಬಲವಾಗಿವೆ. ಆರು ವಾರ ಬಾಲ್ ಮುಟ್ಟಬಾರದು. ಫಿಸಿಯೋ ಮಾಡಿಸಿ, ಸ್ನಾಯು ಗಟ್ಟಿ ಮಾಡಿಕೊಂಡು, ನಿಧಾನವಾಗಿ ಶುರು ಮಾಡಬೇಕು. ಪೂರ್ತಿ ಬೌಲಿಂಗ್‌ಗೆ ನಾಲ್ಕು ತಿಂಗಳಾದರೂ ಬೇಕು.

ಅಂಡರ್-19 ಆಯ್ಕೆಯ ಟ್ರಯಲ್ಸ್ ಇದ್ದಿದ್ದು ಐದು ವಾರಕ್ಕೆ!

ನಾನು ಡಾಕ್ಟರನ್ನು ಕೇಳಿದೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. "ಸಾರ್, ಒಂದು ಇಂಜೆಕ್ಷನ್ ಕೊಟ್ಟು ಒಂದೇ ಒಂದು ದಿನ ಆಡಿಸೋಕೆ ಆಗಲ್ವಾ?"

ಡಾಕ್ಟರು ನನ್ನನ್ನು ಬಿಟ್ಟು ಮಗಳ ಕಡೆ ನೋಡಿ, "ಏನಮ್ಮಾ, ನಿನಗೆ ಎಷ್ಟು ವರ್ಷ ಆಡಬೇಕು ಅಂತ ಇದೆ?" ಅಂತ ಕೇಳಿದರು.

ಹೊರಗೆ ಬಂದೆವು. ಸ್ಕೂಟರ್ ಸ್ಟಾರ್ಟ್ ಮಾಡುವ ಮೊದಲು ನಾನು ಮತ್ತೆ ಶುರು ಮಾಡಿದೆ. "ಚೈತು, ಟ್ರಯಲ್ಸ್‌ನಲ್ಲಿ ಎಷ್ಟು ಬಾಲ್ ಹಾಕಿಸ್ತಾರೆ? ಜಾಸ್ತಿ ಅಂದ್ರೆ ಹತ್ತು. ಮಾತ್ರೆ ತಗೊಂಡು ಹತ್ತು ಬಾಲ್ ಹಾಕಿಬಿಡು. ಸೆಲೆಕ್ಟ್ ಆದ್ಮೇಲೆ ರೆಸ್ಟ್ ತಗೋ."

ಅವಳು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು. ಎಡಗೈಯಲ್ಲಿ.

"ಹತ್ತು ಬಾಲ್ ಹಾಕ್ತೀನಪ್ಪ. ಹನ್ನೊಂದನೇದು ಯಾರು ಹಾಕ್ತಾರೆ?"

ಉತ್ತರ ಇಲ್ಲದಾಗ ಗಂಡಸರು ಏನು ಮಾಡುತ್ತೇವೆ? ಮುನಿಸಿಕೊಳ್ಳುತ್ತೇವೆ. ಎರಡು ದಿನ ನಾನು ಮಗಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆರು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಕರೆದುಕೊಂಡು ಹೋಗಿದ್ದು ಇದಕ್ಕೇನಾ ಅನ್ನಿಸಿತ್ತು. ಮೂರನೇ ದಿನ ಸುಮಾ ಕಾಫಿ ಲೋಟವನ್ನು ಟೇಬಲ್ ಮೇಲೆ ಕುಕ್ಕಿದಳು.

"ನಿಮಗೆ ಸೆಲೆಕ್ಷನ್ ಬೇಕಾದ್ರೆ ನೀವೇ ಹೋಗಿ ಬಾಲ್ ಹಾಕಿ. ಅವಳ ಭುಜ ಯಾಕೆ ಬೇಕು ನಿಮ್ಮ ಆಸೆಗೆ?"

ಐದು ವಾರ ಕಳೆಯಿತು. ಟ್ರಯಲ್ಸ್ ದಿನ ಬಂತು. ಮನೆಯಲ್ಲಿ ಮುಖ ಊದಿಸಿಕೊಂಡು ಕೂರುತ್ತಾಳೆ ಅಂದುಕೊಂಡಿದ್ದೆ. ಬೆಳಗ್ಗೆ ಆರಕ್ಕೆ ಎದ್ದು ಸ್ನಾನ ಮಾಡಿ ರೆಡಿಯಾಗಿದ್ದಳು. ಅವಳ ಟೀಮಿನ ವಿಕೆಟ್ ಕೀಪರ್ ರುಬೀನಾ ಅವತ್ತು ಟ್ರಯಲ್ಸ್‌ಗೆ ಹೋಗುವವಳಿದ್ದಳು. "ಅವಳ ಜೊತೆ ಯಾರಾದ್ರೂ ಇರ್ಬೇಕಲ್ಲಪ್ಪ" ಅಂದಳು. ರುಬೀನಾಳ ಕಿಟ್ ಬ್ಯಾಗನ್ನು ಎಡ ಭುಜಕ್ಕೆ ಹಾಕಿಕೊಂಡು ಹೋದಳು. ದಿನವಿಡೀ ಬಿಸಿಲಲ್ಲಿ ನಿಂತು ಕೂಗಿದಳು. ರುಬೀನಾ ಆಯ್ಕೆಯಾದಳು.

ಸಂಜೆ ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಮಗೆ ಕೇಳಿಸಬಾರದು ಅಂತ. ಕೇಳಿಸಿತು. ಹತ್ತು ನಿಮಿಷದ ಮೇಲೆ ಮುಖ ತೊಳೆದು ಬಂದು, ಕಿಟಕಿಯ ಸರಳಿಗೆ ಫಿಸಿಯೋ ಕೊಟ್ಟಿದ್ದ ಕೆಂಪು ರಬ್ಬರ್ ಪಟ್ಟಿ ಕಟ್ಟಿ ಅಂದಿನ ವ್ಯಾಯಾಮ ಮುಗಿಸಿದಳು. ಮೂರು ಸುತ್ತು. ಒಂದೂ ಬಿಡಲಿಲ್ಲ.

ನಾನು ಸೋಫಾದಲ್ಲಿ ಕುಳಿತು ನೋಡುತ್ತಿದ್ದೆ. ಅವಳು ತೆಗೆದ ಯಾವ ವಿಕೆಟ್ಟಿಗೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಅದನ್ನು ಅವಳಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. (ಇದೂ ಗಂಡಸರ ಕಾಯಿಲೆಯೇ.)

ನೋವು ಇಳಿದ ಮೇಲೆ ಫಿಸಿಯೋ ನಮ್ಮನ್ನು ಹೆಗ್ಗನಹಳ್ಳಿಗೆ ಕಳಿಸಿದರು. ಅಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ಒಂದು ಸಣ್ಣ ಜಿಮ್. ಎಸಿ ಇಲ್ಲ, ಮ್ಯೂಸಿಕ್ ಇಲ್ಲ. ಗೋಡೆಯಲ್ಲಿ ಕನ್ನಡಿಯೂ ಇಲ್ಲ. ನಡೆಸುವವರು ಶಿವಲೀಲಾ ಎಂಬ ಬಾಗಲಕೋಟೆ ಕಡೆಯ ಹೆಣ್ಣುಮಗಳು. ಮೂವತ್ತೈದರ ಆಸುಪಾಸು. ಕಾಲೇಜು ದಿನಗಳಲ್ಲಿ ಜಾವೆಲಿನ್ ಎಸೆಯುತ್ತಿದ್ದರಂತೆ. ಭುಜ ಕೆಟ್ಟು ಆಟ ನಿಂತ ಮೇಲೆ, ಭುಜಗಳ ಬಗ್ಗೆಯೇ ಓದಿ ಟ್ರೈನರ್ ಆದವರು.

"ಕನ್ನಡಿ ಯಾಕಿಲ್ಲ ಮೇಡಂ?" ಅಂತ ಕೇಳಿದೆ.

"ಕನ್ನಡಿ ಇಟ್ರ ಎಲ್ಲಾರೂ ಕಾಣೋ ಕಡೀನ ಬೆಳಸ್ತಾರ್ರಿ ಸರ. ಎದಿ, ತೋಳು. ಬೆನ್ನು ಕಾಣಂಗಿಲ್ಲಲ್ರಿ, ಅದನ್ಯಾರೂ ಕೇಳಂಗಿಲ್ಲ."

ಎಂಥ ಮಾತು! ವಿಜಯನಗರದ ಜಿಮ್‌ಗಳ ಮುಂದೆ ಸಂಜೆ ಹೊತ್ತು ನಿಂತು ನೋಡಿ. ನೂರು ಎದೆ ಕಾಣುತ್ತದೆ. ಒಂದು ನೆಟ್ಟಗಿನ ಬೆನ್ನು ಹುಡುಕಿಕೊಡಿ.

ಶಿವಲೀಲಾ ಚೈತ್ರಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಎರಡೂ ಕೈಗಳನ್ನು ಗೋಡೆಯ ಮೇಲೆ ಜಾರಿಸುತ್ತಾ ಮೇಲೆತ್ತಲು ಹೇಳಿದರು. ಎಡಗೈ ಸಲೀಸಾಗಿ ಹೋಯಿತು. ಬಲಗೈ ಅರ್ಧದಲ್ಲೇ ಗೋಡೆ ಬಿಟ್ಟಿತು. ಬೆನ್ನ ಹಿಂದಿನ ರೆಕ್ಕೆಯಂಥ ಮೂಳೆಯ ಮೇಲೆ ಕೈಯಿಟ್ಟು ಪರೀಕ್ಷಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ಮಗಳಿಗೆ ಬಾಲ್ ಒಗಿಯೂದು ಛಲೋ ಬರ್ತೈತ್ರಿ ಸರ. ಒಗದ ಮ್ಯಾಲ ಆ ಕೈ ನಿಲ್ಲಸೂದು ಬರಂಗಿಲ್ಲ. ನೀವು ಕಲಿಸಿಲ್ಲ."

ನಾನು ಪೆಚ್ಚಾದೆ. ಅವರು ಬಿಡಿಸಿ ಹೇಳಿದರು. ಬಾಲ್ ಬಿಡುವಾಗ ಕೈ ಎಷ್ಟು ವೇಗದಲ್ಲಿ ತಿರುಗುತ್ತದೋ, ಬಿಟ್ಟ ಮೇಲೆ ಅಷ್ಟೇ ಬೇಗ ಅದನ್ನು ತಡೆಯಬೇಕು. ತಡೆಯುವುದು ಭುಜದ ಹಿಂದಿನ, ಬೆನ್ನ ಮೇಲ್ಭಾಗದ ಸ್ನಾಯುಗಳು. ಅವು ಸೋತರೆ ಪ್ರತಿ ಬಾಲಿಗೂ ಕೀಲು ಪೆಟ್ಟು ತಿನ್ನುತ್ತದೆ. ದಿನಕ್ಕೆ ಎಷ್ಟು ಬಾಲ್, ವಾರಕ್ಕೆ ಎಷ್ಟು ದಿನ, ವರ್ಷಕ್ಕೆ ಎಷ್ಟು ವಾರ! ಆರು ವರ್ಷ ನಾನು ಮಗಳ ಗಾಡಿಗೆ ಎಂಜಿನ್ ಮಾತ್ರ ಕೂರಿಸಿದ್ದೆ. ಬ್ರೇಕ್ ಇಟ್ಟೇ ಇರಲಿಲ್ಲ. ಮಾಗಡಿ ರೋಡಿನಲ್ಲಿ ಅಂಥ ಗಾಡಿ ಬಿಟ್ಟರೆ ಏನಾಗುತ್ತದೆ ಅಂತ ನಿಮಗೇನೂ ಹೇಳಬೇಕಾಗಿಲ್ಲ.

ಹಾಗೆ ಶುರುವಾಯಿತು ವಾರಕ್ಕೆ ಮೂರು ದಿನದ ಪಾಠ. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟುಕೊಂಡು ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು. ಬೆಂಚಿನ ಮೇಲೆ ಬೋರಲು ಮಲಗಿ ಒಂದೊಂದು ಕೇಜಿಯ ಡಂಬೆಲ್ ಹಿಡಿದು ಕೈಗಳನ್ನು ಎರಡೂ ಬದಿಗೆ ಎತ್ತುವುದು. ಪುಶ್-ಅಪ್ ಮಾಡಿ, ಮೇಲೆ ಬಂದ ಮೇಲೂ ನೆಲವನ್ನು ಇನ್ನೊಂದಿಷ್ಟು ಒತ್ತುವುದು. ದೋಣಿ ಹುಟ್ಟು ಹಾಕುವ ಹಾಗೆ ಭಾರವನ್ನು ತನ್ನ ಕಡೆಗೆ ಎಳೆದುಕೊಳ್ಳುವುದು. ಕೊನೆಕೊನೆಗೆ ಭಾರದ ಚೆಂಡನ್ನು ಗೋಡೆಗೆ ಎಸೆದು ಹಿಡಿಯುವುದು.

ನೋಡುವವರಿಗೆ ಇದರಲ್ಲಿ ಏನೂ ಮಜವಿಲ್ಲ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಒಂದು ಕೇಜಿ ಎತ್ತಿದ್ದನ್ನು ಯಾರು ರೀಲ್ ಮಾಡಿ ಹಾಕುತ್ತಾರೆ? ಆದರೆ ಆ ಒಂದು ಕೇಜಿಗೆ ನನ್ನ ಮಗಳ ಹಣೆಯಲ್ಲಿ ಬೆವರು ಕಿತ್ತುಬರುತ್ತಿತ್ತು.

ಬಸವೇಶ್ವರನಗರದಿಂದ ಬಂದ ನಮ್ಮಕ್ಕ ಒಂದು ದಿನ ಮನೆಯಲ್ಲಿ ಇದನ್ನೆಲ್ಲ ನೋಡಿ ಗಾಬರಿಯಾದಳು.

"ಅಯ್ಯೋ, ಹೆಣ್ಣುಹುಡುಗಿಗೆ ಭುಜ ಹಿಂಗೆ ಅಗಲ ಆಗ್ಬಿಟ್ರೆ ನಾಳೆ ಬ್ಲೌಸ್ ಹೆಂಗೋ ಕೂರುತ್ತೆ?"

ಚೈತ್ರ ರಬ್ಬರ್ ಪಟ್ಟಿ ಎಳೆಯುವುದನ್ನು ನಿಲ್ಲಿಸಲೂ ಇಲ್ಲ. "ಅತ್ತೆ, ಅಳತೆ ತಗೊಳ್ಳೋಕೆ ಟೈಲರ್ ಇದಾರಲ್ಲ?"

ಅಕ್ಕ ನನ್ನ ಮುಖ ನೋಡಿದಳು. ನಾನು ನಕ್ಕೆ. ಅಕ್ಕನೂ ಕೊನೆಗೆ ನಕ್ಕಳು. ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನ ಕೈಯೂ ಮೇಲಕ್ಕೆ ಏಳಲ್ಲ ಕಣೇ, ಆ ರಬ್ಬರ್ ಎಲ್ಲಿ ಸಿಗುತ್ತೆ?" ಅಂತ ಮೆಲ್ಲಗೆ ಕೇಳಿದಳು.

ಎರಡನೇ ತಿಂಗಳಲ್ಲಿ ಇನ್ನೊಂದು ನಡೆಯಿತು. ಜಿಮ್‌ನಲ್ಲಿ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ನನ್ನನ್ನು ಶಿವಲೀಲಾ ಕರೆದರು. ಮೇಲಿನ ಶೆಲ್ಫಿನಿಂದ ಒಂದು ರಬ್ಬರ್ ಪಟ್ಟಿ ತೆಗೆದುಕೊಡಿ ಅಂದರು. ನಾನು ಎಡಗೈ ಎತ್ತಿದೆ.

"ಬಲಗೈಲೆ ತಗೀರಿ ಸರ."

ಎತ್ತಿದೆ. ಕಿವಿಯ ಮಟ್ಟದಲ್ಲಿ ನಿಂತಿತು. ಮುಂದೆ ಹೋಗಲಿಲ್ಲ.

"ಯಾವಾಗಿಂದರಿ ಇದು?"

"ವಯಸ್ಸಾಯ್ತಲ್ಲ ಮೇಡಂ..."

"ವಯಸ್ಸಿಂದಲ್ಲರಿ ಇದು. ಹಳೀ ನೋವು. ನೀವೂ ಬಾಲ್ ಹಾಕ್ತಿದ್ರೇನು?"

ಚೈತ್ರ ವ್ಯಾಯಾಮ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಳು. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳದಿದ್ದನ್ನು ಆ ಕನ್ನಡಿಯಿಲ್ಲದ ಕೋಣೆಯಲ್ಲಿ ಹೇಳಿದೆ. ಕೆಲಸ ಸಿಕ್ಕಿತೆಂದು ನಾನು ಕ್ರಿಕೆಟ್ ಬಿಟ್ಟಿರಲಿಲ್ಲ. ಎರಡನೇ ಸೀಸನ್ ಪೂರ್ತಿ ಭುಜಕ್ಕೆ ಮುಲಾಮು ಹಚ್ಚಿ, ಮಾತ್ರೆ ನುಂಗಿ ಬೌಲ್ ಮಾಡಿದ್ದೆ. ಫೈನಲ್ ಮ್ಯಾಚಿನ ಮರುದಿನ ಹಲ್ಲುಜ್ಜಲು ಕೈ ಮೇಲೇಳಲಿಲ್ಲ. ಆಮೇಲೆ ಒಂದು ಓವರ್ ಕೂಡ ಹಾಕಲು ಆಗಲಿಲ್ಲ. ಕೆಲಸ ಸಿಕ್ಕಿದ್ದು ಅದಾದ ಒಂದು ವರ್ಷಕ್ಕೆ. ನೋವಿಗಿಂತ ಕೆಲಸದ ಕಾರಣ ಗೌರವವಾಗಿ ಕಾಣುತ್ತಿತ್ತು, ಅದನ್ನೇ ಹೇಳಿಕೊಂಡು ಬಂದೆ.

ಚೈತ್ರ ನನ್ನ ಬಲ ಭುಜವನ್ನೇ ನೋಡಿದಳು.

"ಗೊತ್ತಿದ್ದೂ ನನಗೆ ಮಾತ್ರೆ ತಗೊಂಡು ಹಾಕು ಅಂದ್ಯಾ ಅಪ್ಪ?"

ಕೋಪದಿಂದ ಕೇಳಲಿಲ್ಲ. ಆಶ್ಚರ್ಯದಿಂದ ಕೇಳಿದಳು. ಕೋಪವೇ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಹೂಂ ಕಣೇ. ತಪ್ಪಾಯ್ತು."

ಐವತ್ತು ವರ್ಷದವನು ಹದಿನೇಳರವಳ ಮುಂದೆ ತಪ್ಪಾಯಿತು ಅನ್ನುವುದು ಅಷ್ಟು ಕಷ್ಟವೇನಲ್ಲ. ಮೊದಲ ಸಲ ಮಾತ್ರ ಕಷ್ಟ. ಅವಳು ಹತ್ತಿರ ಬಂದು ತನ್ನ ಕೈಯಲ್ಲಿದ್ದ ಪಟ್ಟಿಯ ಇನ್ನೊಂದು ತುದಿಯನ್ನು ನನಗೆ ಕೊಟ್ಟಳು. "ಹಿಡ್ಕೋ. ಮೊಣಕೈ ಪಕ್ಕೆಗೆ ಒತ್ತಿರ್ಬೇಕು. ಈಗ ಹೊರಗೆ ಎಳಿ. ನಿಧಾನ." ಅವತ್ತಿನಿಂದ ಅವಳು ನನಗೆ ಕೋಚ್. ಗಿಡ್ಡ ಬಾಗಿಲಿನಿಂದ ಒಳಗೆ ಹೋದಂತೆ ತಲೆ ತಗ್ಗಿಸಿಕೊಂಡು ಕಲಿಯುತ್ತಿದ್ದೇನೆ.

ಮತ್ತೆ ಬಾಲ್ ಮುಟ್ಟಿದ ಮೊದಲ ದಿನ ಅವಳು ಹಾಕಿದ್ದು ಹನ್ನೆರಡೇ ಬಾಲ್. ಅದೂ ನಾಲ್ಕು ಹೆಜ್ಜೆಯ ಓಟದಿಂದ. ಅವಳ ಕೈ ತುಡಿಯುತ್ತಿತ್ತು, ಇನ್ನೂ ಹಾಕಬೇಕೆಂದು. ಹಾಕಲಿಲ್ಲ. ಮುಂದಿನ ವಾರ ಹದಿನೆಂಟು. ಆಮೇಲೆ ಇಪ್ಪತ್ನಾಲ್ಕು. ಈ ನಡುವೆ ನಾನು ಒಂದೇ ಒಂದು ಸಲವೂ "ಜೋರಾಗಿ" ಎಂದು ಕೂಗಲಿಲ್ಲ. (ಸುಮಾ ಇದನ್ನು ನಂಬುವುದಿಲ್ಲ. ನೀವಾದರೂ ನಂಬಿ.)

ಈ ವರ್ಷದ ಟ್ರಯಲ್ಸ್ ಹದಿನೈದು ದಿನದ ಹಿಂದೆ ನಡೆಯಿತು. ಕೊನೆಯ ದಿನ ಕೆಂಗೇರಿ ಆಚೆಯ ಮೈದಾನದಲ್ಲಿ ಹುಡುಗಿಯರನ್ನು ಎರಡು ಟೀಮ್ ಮಾಡಿ ಮ್ಯಾಚ್ ಆಡಿಸಿದರು. ರುಬೀನಾ ಮತ್ತು ಚೈತ್ರ ಒಂದೇ ಟೀಮ್. ಮೊದಲ ಸ್ಪೆಲ್‌ನಲ್ಲಿ ಚೈತ್ರ ಮೂರು ಓವರ್ ಹಾಕಿದಳು. ಪರವಾಗಿಲ್ಲ ಅನ್ನುವಂತಿತ್ತು. ವಿಕೆಟ್ ಬರಲಿಲ್ಲ.

ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿದ್ದಾಗ ಎರಡನೇ ಸ್ಪೆಲ್‌ಗೆ ಕರೆದರು. ಹೋದ ವರ್ಷ ಅವಳ ಕೈ ಸೋಲುತ್ತಿದ್ದ ಹೊತ್ತು ಇದೇ. ನಾನು ಕುರ್ಚಿಯ ತೋಳನ್ನು ಹಿಡಿದು ಕುಳಿತೆ. ಮೊದಲ ಬಾಲನ್ನು ಬ್ಯಾಟರ್ ಕವರ್ ಕಡೆಗೆ ಬಾರಿಸಿದಳು, ಫೋರ್. ಎರಡನೆಯದು ಬ್ಯಾಟಿನ ಅಂಚಿನ ಪಕ್ಕದಲ್ಲೇ ಹಾದು ಹೋಗಿ ರುಬೀನಾಳ ಗ್ಲೌಸಿಗೆ ಟಪ್ ಎಂದು ಬಡಿಯಿತು.

ಆಗ ರುಬೀನಾ ಒಂದು ಕೆಲಸ ಮಾಡಿದಳು. ಕೈ ಜಾಡಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಕ್ರಿಕೆಟ್ ಆಡಿದವರಿಗೆ ಇದರ ಅರ್ಥ ಗೊತ್ತು. ಸ್ಪೀಡ್ ಅಳೆಯುವ ಯಂತ್ರ ಬೇಕಿಲ್ಲ. ಬೆಳಗ್ಗೆಗಿಂತ ಮಧ್ಯಾಹ್ನ ಬಾಲ್ ಜೋರಾಗಿ ಬರುತ್ತಿದೆ ಎಂದು ಕೀಪರ್‌ನ ಕಾಲುಗಳು ಹೇಳುತ್ತಿವೆ. ನನಗೆ ಕಣ್ಣು ಮಂಜಾಯಿತು. ಹಾಗಾಗಿ ನಾಲ್ಕನೇ ಬಾಲಿಗೆ ಮಿಡ್ಲ್ ಸ್ಟಂಪ್ ಹಾರಿದ್ದನ್ನು ನಾನು ಸರಿಯಾಗಿ ನೋಡಲಿಲ್ಲ. ಸದ್ದು ಮಾತ್ರ ಕೇಳಿದೆ. ಆಮೇಲೆ ಇನ್ನೊಂದು ವಿಕೆಟ್ ಬಂತು. ಸ್ಪೆಲ್ ಮುಗಿಸಿ ಬೌಂಡರಿಗೆ ಹೋದವಳು, ಬಾಲ್ ಬಂದಾಗ ಭುಜದ ಮೇಲಿನಿಂದ ಕೈ ಬೀಸಿ ನೇರವಾಗಿ ಎಸೆದಳು. ಒಂದೇ ಪುಟಿತಕ್ಕೆ ರುಬೀನಾಳ ಕೈಗೆ.

ಮೊನ್ನೆ ಆಯ್ಕೆಯಾದವರ ಪಟ್ಟಿ ಬಂತು. ಅವಳ ಹೆಸರಿದೆ. ಶಿವಲೀಲಾ ಅವರಿಗೆ ಫೋನ್ ಮಾಡಿ ಹೇಳಿದರೆ, "ಭಾಳ ಛಲೋ ಆತ್ರಿ. ಸೋಮವಾರ ಜಿಮ್ ತಪ್ಪಿಸಬ್ಯಾಡ ಅಂತ ಹೇಳ್ರಿ" ಅಂದರು. ಅಷ್ಟೇ.

ಆ ಮ್ಯಾಚ್ ಮುಗಿದ ಮೇಲೆ ಎದುರು ಟೀಮಿನ ಒಬ್ಬ ಬೌಲರ್ ಹುಡುಗಿಯ ತಂದೆ ನನ್ನನ್ನು ಹುಡುಕಿಕೊಂಡು ಬಂದರು. ಕೈ ಕುಲುಕಿದರು.

"ಏನ್ ಸ್ಪೀಡ್ ಸಾರ್ ನಿಮ್ಮ ಮಗಳದ್ದು! ಏನ್ ತಿನ್ನಿಸ್ತೀರಾ?"

ತಿನ್ನಿಸುವುದು ಏನಿಲ್ಲ ಸಾರ್, ಬೆನ್ನು ಮತ್ತು ಭುಜಕ್ಕೆ ವ್ಯಾಯಾಮ ಎಂದು ಶುರು ಮಾಡಿ, ನನ್ನ ದಡ್ಡತನದ ಸಮೇತ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕೊನೆಗೆ ನಕ್ಕು ಹೇಳಿದರು.

"ಪುಣ್ಯಕ್ಕೆ ನಮ್ಮ ಹುಡುಗಿಗೆ ಅಂಥ ನೋವು ಯಾವುದೂ ಇಲ್ಲ ಸಾರ್."

"ಇಲ್ಲ ಅಂತ ಅವಳು ಹೇಳಿದ್ದಾ, ಅಥವಾ ನೀವು ಇನ್ನೂ ಕೇಳೇ ಇಲ್ವಾ?"